ಇತರೆ

ಔಲು ಪಟ್ಟಣದಲ್ಲಿ ಡಿಸೆಂಬರಿನ ಕತ್ತಲಿಗೆ
ಮಧ್ಯಾಹ್ನ ಎರಡೂವರೆಯೇ ಮುಹೂರ್ತ.
ಹಿಲ್ಲೆವಿ ದೀಪ ಹಾಕುವುದಿಲ್ಲ. ಪರದೆಯ ಬೆಳಕೇ ಸಾಕು
ಭಯವನ್ನು ಎಣಿಸುವುದಕ್ಕೆ.

ಬೀಗ ಮಾಡುವವಳಲ್ಲ ಅವಳು, ಮಾರುವವಳಲ್ಲ,
ಕಳ್ಳನ ಬೆನ್ನು ಹತ್ತುವವಳಂತೂ ಅಲ್ಲವೇ ಅಲ್ಲ.
ಬರುವ ವರ್ಷ ಎಷ್ಟು ಜನ ಬೀಗ ಕೊಂಡಾರು,
ಅಷ್ಟನ್ನು ಹೇಳಬೇಕು, ದಶಮಾಂಶದ ಒಂದು ಸ್ಥಾನದವರೆಗೆ.
ಆದೀತು, ಏರೀತು, ಕೊಂಡಾರು:
ಈ ಕ್ರಿಯಾಪದಗಳ ಬಾಲ ಹಿಡಿದೇ
ಅವಳ ಮನೆಬಾಡಿಗೆ, ರೈ ರೊಟ್ಟಿ, ಹಲ್ಲಿನ ಡಾಕ್ಟರು.

ಹನ್ನೊಂದು ಬಿಂದು ನಾಲ್ಕು, ಎಂದಿದ್ದಳು ಹೋದ ಚಳಿಗಾಲ.
ಹನ್ನೊಂದು ಬಿಂದು ನಾಲ್ಕೇ ಆಯಿತು.
ಊರು ಕೊಳ್ಳೆಹೋದ ಮೇಲೆ ಕೋಟೆಬಾಗಿಲು ಹಾಕಿದರೆಂದು
ನಗುತ್ತೇವಲ್ಲ ನಾವು,
ಅವಳ ತಖ್ತೆಯಲ್ಲಿ ಅದಕ್ಕೂ ಒಂದು ಹೆಸರಿದೆ:
ಎರಡನೇ ತ್ರೈಮಾಸಿಕದ ಬೇಡಿಕೆ.

ಬೆಳಿಗ್ಗೆ ಮ್ಯೂನಿಕ್ಕಿನಿಂದ ಫೋನು, ಜೇನು ಸವರಿದ ದನಿ:
ನಿಮ್ಮ ನಕ್ಷೆಯಲ್ಲಿ ನಮ್ಮ ಚುಕ್ಕೆ
ಒಂಚೂರು ಮೇಲೆ, ಒಂಚೂರು ಬಲಕ್ಕೆ ಇರಬಹುದಿತ್ತಲ್ಲ?
ಇರಬಹುದಿತ್ತು, ಅಂದಳು. ಇಡಲಿಲ್ಲ.
ಚುಕ್ಕೆಯಷ್ಟೇ ಇವಳದು; ರಂಗೋಲಿ ಎಳೆಯುವವರು ಬೇರೆ.

ಇನ್ನು ನಲವತ್ತು ಕಂಪನಿ, ತಲಾ ಇಪ್ಪತ್ತೆರಡು ಪ್ರಶ್ನೆ.
ಮೂವತ್ತೊಂದನೆಯದು ಕೆಮಿಯ ಆಚೆಗೊಂದು ಮರದ ಗಿರಣಿ.
ತೌನೊ ಅಂತ ಒಬ್ಬಾತ, ಕಂಪ್ಯೂಟರು ನೋಡಿಕೊಳ್ಳುವವನು,
ಹಿಂದೆ ಗರಗಸದ ಸದ್ದು.
ಕೊಂಡುಕೊಂಡದ್ದಕ್ಕೆ ಮುಖ್ಯ ಕಾರಣ?
ಕಾನೂನು. ವಿಮೆ. ಹಿಂದಿನ ದಾಳಿ. ಇತರೆ.

ಸುಮ್ಮನಾದ.
ಆ ನಾಡಿನಲ್ಲಿ ಮೌನವೆಂದರೆ ಕರೆ ಕಡಿದಂತಲ್ಲ. ಕಾದಳು.
ಒಂದು ದಿಮ್ಮಿ ಪೂರ್ತಿ ಸೀಳಿ ಮುಗಿಯಿತು.

ನನ್ನ ಹೆಸರಲ್ಲಿ ಬಂತು, ಅಂದ.
ನನ್ನ ಸಹಿ, ನನ್ನ ಧಾಟಿ,
ನಾನು ಯಾವಾಗಲೂ ಮಾಡುವ ಒಂದು ಕಾಗುಣಿತದ ತಪ್ಪೂ ಸೇರಿ.
ಲೆಕ್ಕ ಬರೆಯುವ ಆಯ್ಲಿ ಹಣ ಕಳಿಸಿಬಿಟ್ಟಳು, ನಾನೇ ಕೇಳಿದೆನೆಂದು.
ಗಿರಣಿ ಅವಳನ್ನು ಬಿಡಲಿಲ್ಲ. ಅವಳೇ ಬಿಟ್ಟಳು.
ಈಗ ನಾನು ಎರಡು ಸಾಲು ಬರೆದರೂ
ಜನ ಕುರ್ಚಿಯಿಂದ ಎದ್ದು ಬಂದು ಕೇಳುತ್ತಾರೆ,
ಇದು ನೀವೇನಾ?
ಹಾಗೆ ಯಾರೂ ಕೇಳದಿರಲಿ ಅಂತ ಕೊಂಡೆ.
ಇನ್ನೂ ಕೇಳುತ್ತಾರೆ.

ನಿಯಮದ ಪ್ರಕಾರ ಇದು ‘ಹಿಂದಿನ ದಾಳಿ’.
ಅವಳ ಬೆರಳು ಹೋದದ್ದು ‘ಇತರೆ’ಗೆ.
ಅರವತ್ತು ಅಕ್ಷರದ ಪೆಟ್ಟಿಗೆ; ಅದರಲ್ಲಿ ಹಿಡಿಸಿದ್ದು
‘ಇದು ನೀವೇನಾ’ ಅಷ್ಟೇ.
ಶೇಕಡಾ ಮೂರಕ್ಕಿಂತ ಕಡಿಮೆಯಾದರೆ
ಇತರೆಗೆ ಬೂದಿ ಬಣ್ಣ, ಅದರ ಕೆಳಗೆ ಏನೂ ಬರೆಯುವುದಿಲ್ಲ.
ಗೊತ್ತಿದೆ ಅವಳಿಗೆ. ಆ ಬಣ್ಣ ಆರಿಸಿದ್ದೂ ಅವಳೇ.

ಐದಕ್ಕೆ ಇಳಿದಳು. ಸೈಕಲ್ಲು ಹಿಮದಲ್ಲಿ ಮೊಣಕಾಲುದ್ದ.
ಒಂಬತ್ತು ಯೂರೋದ ಬೀಗ, ಒಳಗೆಲ್ಲ ಗಡ್ಡೆಗಟ್ಟಿ
ಕೀಲಿ ಅರ್ಧಕ್ಕೇ ನಿಂತಿತು, ತಿರುಗಲೊಲ್ಲದು.
ಮಂಡಿಯೂರಿ, ಕೈಗವುಸು ಕಚ್ಚಿ ಕಳಚಿ,
ಎರಡೂ ಅಂಗೈ ಗೂಡು ಮಾಡಿ ಬಾಯಿ ಇಟ್ಟು
ಹಾ, ಹಾ, ಎಂದು ಉಸಿರೂದತೊಡಗಿದಳು,
ಕೂಸಿನ ಕಣ್ಣಿಗೆ ಸೆರಗಿನ ಕಾವು ಕೊಟ್ಟ ಹಾಗೆ.

ನಾಯಿ ಹಿಡಿದು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತಳು.
ಇದು ನಿನ್ನದೇನಾ?

ಹೌದು, ಅನ್ನಲು ಬಾಯಿ ತೆರೆದಳು. ಕೈಯಲ್ಲಿ ಕೀಲಿಯಿದೆ,
ತೆರೆಯದ ಕೀಲಿ. ಯಾವ ಕಳ್ಳನ ಹತ್ತಿರವೂ ಇದ್ದೀತು ಅಂಥದ್ದು.
ಹೌದು, ಅಂದಳು ಕೊನೆಗೆ,
ತನಗೇ ಸಾಲದೆನಿಸಿದ ದನಿಯಲ್ಲಿ.

ಮುದುಕಿ ಒಂದು ಗಳಿಗೆ ನೋಡಿದಳು.
ಆಮೇಲೆ ಕಿಸೆಯಿಂದ ಟಾರ್ಚು ತೆಗೆದು
ಬೀಗದ ಮೇಲೆ ಹಿಡಿದಳು.
ಊದು, ಅಂದಳು. ಇನ್ನೂ ಹತ್ತಿರ.
ನಾಯಿ ಹಿಂದಿನ ಚಕ್ರ ಮೂಸುತ್ತಿತ್ತು.